ಸಮದೂರವೋ, ಸಮಕಾಲವೋ?

ಗಣಕಯಂತ್ರದ ಹೊದಿಕೆಯನ್ನು ಬಿಚ್ಚಿ ನೋಡಿದವರು ಒಳಗಿನ ಹಸಿರು ಬೋರ್ಡಿನ ಮೇಲೆ ತಾಮ್ರದ ಸಣ್ಣ ಗೆರೆಗಳು ಜೋಡಿಜೋಡಿಯಾಗಿ ಹರಿದಿರುವುದನ್ನು ಕಂಡಿರಬಹುದು. ಕೆಲವೆಡೆ ಜೋಡಿಯ ಒಂದು ಗೆರೆ ನೆಟ್ಟಗೆ ಹೋಗದೆ ಹಾವಿನಂತೆ ಡೊಂಕುಡೊಂಕಾಗಿ ಸಾಗುತ್ತದೆ. ಅದು ಅಲಂಕಾರವಲ್ಲ. ಅದರ ಮರ್ಮವನ್ನು ಕಲಾವಿಭಾಗದ ನಾವೂ ಅರಿಯಬಹುದೆಂಬುದೇ ಈ ಲೇಖನದ ಉದ್ದೇಶ.

ಒಂದೇ ಸಂಕೇತಕ್ಕೆ ಎರಡು ಗೆರೆಗಳೇಕೆ? ಒಂದರಲ್ಲಿ ವೋಲ್ಟೇಜು ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ಆಚೆ ತುದಿಯ ಗ್ರಾಹಕವು ಎರಡರ ವ್ಯತ್ಯಾಸವನ್ನು ಮಾತ್ರ ಎಣಿಸುತ್ತದೆ. ಹೊರಗಿನ ಗದ್ದಲವು ಎರಡಕ್ಕೂ ಸಮವಾಗಿ ತಾಗಿದರೆ ಕಳೆಯುವಾಗ ಅದು ತಾನಾಗಿ ಅಳಿದುಹೋಗುತ್ತದೆ. 1881ರಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗಾಗಿ ಹೆಣೆದ ಜೋಡಿತಂತಿಯ ತತ್ವವೂ ಇದೇ. ಆದರೆ ಎರಡೂ ಏಕಕಾಲದಲ್ಲಿ ತಲುಪಿದರೆ ಮಾತ್ರ ಈ ಉಪಾಯ ಫಲಿಸುತ್ತದೆ.

ಬೆಳಕು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, ಎಂದರೆ ಒಂದು ನ್ಯಾನೋಸೆಕೆಂಡಿನಲ್ಲಿ, ಸುಮಾರು 30 ಸೆಂಟಿಮೀಟರು ಓಡುತ್ತದೆ. ಗಣಕವಿಜ್ಞಾನಿ ಗ್ರೇಸ್ ಹಾಪರ್ ಅವರು ಇಷ್ಟುದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ಕಾಲವನ್ನು ಕಣ್ಣಿಗೆ ಕಾಣಿಸುತ್ತಿದ್ದರು. ಗಾಜುನಾರು ಮತ್ತು ರಾಳದಿಂದಾದ ಬೋರ್ಡಿನಲ್ಲಿ ಸಂಕೇತದ ವೇಗ ಇದರ ಸುಮಾರು ಅರ್ಧ. ಒಂದು ಮಿಲಿಮೀಟರಿಗೆ ಸುಮಾರು 7 ಪಿಕೋಸೆಕೆಂಡು ಹಿಡಿಯುತ್ತದೆ. ಸಾವಿರ ಪಿಕೋಸೆಕೆಂಡು ಸೇರಿದರೆ ಒಂದು ನ್ಯಾನೋಸೆಕೆಂಡು.

ಇದು ಲೆಕ್ಕಕ್ಕೆ ಬರುವಷ್ಟು ಕಾಲವೇ? 1998ರ ಯು.ಎಸ್.ಬಿ. 1.1ರಲ್ಲಿ ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್ಟುಗಳು. ಒಂದೊಂದಕ್ಕೆ 83 ನ್ಯಾನೋಸೆಕೆಂಡು. ಅಲ್ಲಿ ಮಿಲಿಮೀಟರನ್ನು ಕೇಳುವವರಿಲ್ಲ. 2008ರ ಯು.ಎಸ್.ಬಿ. 3.0ರಲ್ಲಿ 500 ಕೋಟಿ ಬಿಟ್ಟುಗಳು. ಒಂದಕ್ಕೆ 200 ಪಿಕೋಸೆಕೆಂಡು. 2019ರ ಪಿ.ಸಿ.ಐ. ಎಕ್ಸ್‌ಪ್ರೆಸ್ 5.0ರಲ್ಲಿ 3,200 ಕೋಟಿ; ಒಂದಕ್ಕೆ 31 ಪಿಕೋಸೆಕೆಂಡು ಮಾತ್ರ. ಇಲ್ಲಿ ಎರಡು ಮಿಲಿಮೀಟರಿನ ಅಂತರವು ಬಿಟ್ಟಿನ ಅರ್ಧಾಯುಸ್ಸನ್ನೇ ನುಂಗಿಬಿಡುತ್ತದೆ.

ಅಂತರ ಹುಟ್ಟುವುದು ಹೆಚ್ಚಾಗಿ ತಿರುವುಗಳಲ್ಲಿ. ಕಣದಲ್ಲಿ ಮೇಟಿಯ ಸುತ್ತ ಹಂತಿ ತುಳಿಯುವ ಎತ್ತುಗಳನ್ನು ನೆನೆಯಿರಿ: ಹೊರಗಿನ ಎತ್ತು ಒಳಗಿನದಕ್ಕಿಂತ ಹೆಚ್ಚು ನಡೆಯಬೇಕು. ಅಂತೆಯೇ ತಿರುವಿನಲ್ಲಿ ಹೊರಗಿನ ಗೆರೆ ಉದ್ದವಾಗುತ್ತದೆ. ಆಗ ಗಿಡ್ಡ ಗೆರೆಗೆ ಸಣ್ಣ ಡೊಂಕುಗಳನ್ನು ಕೊಟ್ಟು ಸಮಗೊಳಿಸುತ್ತಾರೆ. ಈ ತಿದ್ದುಪಡಿ ಅಂತರ ಹುಟ್ಟಿದ ಸ್ಥಳದ ಸಮೀಪದಲ್ಲೇ ಆಗಬೇಕು. ಕೊನೆಯಲ್ಲಿ ಸರಿಪಡಿಸಿದರೆ ಮೊತ್ತವೇನೋ ಸರಿಹೋದೀತು. ಆದರೆ ನಡುವಣ ದಾರಿಯುದ್ದಕ್ಕೂ ಜೋಡಿ ಹೆಜ್ಜೆ ತಪ್ಪಿಯೇ ನಡೆದು, ಸುತ್ತಲಿನ ಗೆರೆಗಳಿಗೆ ತಾನೇ ಗದ್ದಲವಾಗುತ್ತದೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಬೋರ್ಡಿನ ಗಾಜುನಾರು ಬಟ್ಟೆಯಂತೆ ನೇಯ್ದದ್ದು. ಒಂದು ಗೆರೆ ನೂಲಿನ ಮೇಲೆಯೂ ಇನ್ನೊಂದು ನೂಲುಗಳ ನಡುವಿನ ರಾಳದ ಮೇಲೆಯೂ ಬಿದ್ದರೆ, ನೂಲಿನ ಮೇಲಿನದು ನಿಧಾನವಾಗುತ್ತದೆ. ಉದ್ದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೂ ಒಂದು ಹಿಂದೆ ಬೀಳುತ್ತದೆ. ಒಂದೇ ನಕ್ಷೆಯಿಂದ ತಯಾರಾದ ಬೋರ್ಡುಗಳಲ್ಲಿ ಕೆಲವು ನಡೆದು ಕೆಲವು ಕೈಕೊಡುವುದಕ್ಕೆ ಇದೊಂದು ಕಾರಣ. ಆದುದರಿಂದ ಗೆರೆಗಳನ್ನು ನೇಯ್ಗೆಗೆ ತುಸು ಓರೆಯಾಗಿ ಎಳೆಯುವುದುಂಟು. ಎರಡಕ್ಕೂ ನೂಲು, ರಾಳ ಎರಡೂ ಸರಾಸರಿ ಸಮವಾಗಿ ದೊರೆಯಲೆಂದು.

ಸೆಮೂರ್ ಕ್ರೇ ಅವರು ಈ ತತ್ವವನ್ನು ಹಿಂದೆಯೇ ಕಂಡಿದ್ದರು. 1976ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಗೆ ಬಂದ ಅವರ ಕ್ರೇ-1 ಗಣಕದಲ್ಲಿ ಜೋಡಿತಂತಿಗಳನ್ನು ಕಾಲದ ಲೆಕ್ಕಕ್ಕೆ ತಕ್ಕಂತೆ ಕತ್ತರಿಸಿ ಜೋಡಿಸಿದ್ದರು. ತಂತಿ ನಾಲ್ಕು ಅಡಿ ಮೀರದಿರಲೆಂದು ಯಂತ್ರವನ್ನೇ ಕಮಾನಿನಂತೆ ಬಾಗಿಸಿ ಕಟ್ಟಿದರು.

ಉದ್ದವನ್ನು ಸಮಗೊಳಿಸುವುದು ಸಾಧನವಷ್ಟೆ; ಸಾಧ್ಯವು ಏಕಕಾಲದ ಆಗಮನ. ಎರಡಕ್ಕೂ ಒಂದೇ ಅಳತೆಯ ದಾರಿ ಕೊಟ್ಟೆವೆಂದು ತೃಪ್ತರಾಗದೆ, ದಾರಿಯ ನೆಲವೂ ಒಂದೇ ಬಗೆಯದೇ ಎಂದು ಕೇಳಬೇಕಾಗುತ್ತದೆ. ಈ ಪ್ರಶ್ನೆ ತಾಮ್ರದ ಗೆರೆಗಳಿಗಷ್ಟೇ ಸಲ್ಲುವುದಲ್ಲವೆಂದು ನನಗೆ ತೋರುತ್ತದೆ.