ಸತ್ತರೂ ಮತ್ತೆ ಏಳುವ ರೋಗಿ

ರಾತ್ರಿ ಹನ್ನೊಂದು. ತೋಟಕ್ಕೆ ಔಷಧಿ ಹೊಡೆದು ಬಂದು ಕುಸಿದುಬಿದ್ದ ರೈತನನ್ನು ಅಜ್ಜಂಪುರ ಕಡೆಯಿಂದ ಬೀರೂರಿನ ಆಸ್ಪತ್ರೆಗೆ ತಂದಿದ್ದಾರೆ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯಲ್ಲಿ ಗೊರಗೊರ. ಡ್ಯೂಟಿಯಲ್ಲಿರುವುದು ಒಬ್ಬರೇ ಡಾಕ್ಟರು. ವಿಷಕ್ಕೆ ಪ್ರತಿಮದ್ದಾದ ಅಟ್ರೊಪಿನ್ ಕೊಟ್ಟು ಐದು ನಿಮಿಷವಾಯಿತು, ಗೊರಗೊರ ನಿಂತಿಲ್ಲ. ಅಷ್ಟೇ ಡೋಸ್ ಮತ್ತೊಮ್ಮೆಯೋ, ಎರಡರಷ್ಟೋ, ಶಿವಮೊಗ್ಗಕ್ಕೆ ಸಾಗಹಾಕುವುದೋ?

ಇಂಥ ರೋಗಿಯನ್ನು ಲ್ಯಾಪ್‌ಟಾಪಿನಲ್ಲೇ ಹುಟ್ಟಿಸಬಹುದು. ಆನ್‌ಲೈನ್ ಸಿಮ್ಯುಲೇಷನ್ ಎಂದರೆ ಇದೇ. ತೆರೆಯ ಹಿಂದೆ ಇರುವುದು ಲೆಕ್ಕಾಚಾರ: ನಾಡಿ, ರಕ್ತದೊತ್ತಡ, ಆಮ್ಲಜನಕ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕೊಟ್ಟ ಮದ್ದು ಅವನ್ನು ಮೇಲೆ ಕೆಳಗೆ ಮಾಡುತ್ತದೆ. ಡಾಕ್ಟರು ಸುಮ್ಮನೆ ಕೂತರೂ ಆಮ್ಲಜನಕ ಇಳಿಯುತ್ತಲೇ ಹೋಗುತ್ತದೆ. ಈ ರೈತ ಹೊಡೆದಂಥ ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷಕ್ಕೆ ಐದೈದು ನಿಮಿಷಕ್ಕೊಮ್ಮೆ ಅಟ್ರೊಪಿನ್ ಇಮ್ಮಡಿಸುತ್ತ ಹೋಗಬೇಕು, ಶ್ವಾಸಕೋಶ ಒಣಗುವವರೆಗೆ. ಪಾಪೆ ಹಿಗ್ಗಿತೆಂದೋ ನಾಡಿ ಏರಿತೆಂದೋ ನಡುವೆ ಕೈಬಿಟ್ಟರೆ ಎದೆ ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು ಓದಿರದ ಡಾಕ್ಟರು ಕಡಿಮೆ. ಆದರೂ ನಡುರಾತ್ರಿ ಅಷ್ಟು ದೊಡ್ಡ ಡೋಸ್ ಎಂದರೆ ಕೈ ಹಿಂಜರಿಯುತ್ತದೆ. ತೆರೆಯ ಮೇಲಿನ ರೋಗಿ ಸತ್ತರೆ ಇನ್ನೊಮ್ಮೆ ಶುರುಮಾಡಬಹುದು. ಎಲ್ಲಿ ತಡವಾಯಿತು, ಯಾಕೆ ನಿಲ್ಲಿಸಿದಿರಿ ಎಂದು ಆಮೇಲೆ ಕೂತು ಚರ್ಚಿಸುವಾಗಲೇ ನಿಜವಾದ ಕಲಿಕೆ.

ನಿಜವಾದ ರೋಗಿಗಿಂತ ಮೊದಲು ನಕಲಿಯ ಮೇಲೆ ಕಲಿಯುವ ಈ ಯೋಚನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಶಿಷ್ಯರು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು, ತಾವರೆ ದಂಟಿನ ಮೇಲೆ ಚುಚ್ಚುವುದನ್ನು, ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನು ಕಲಿಯಬೇಕೆಂಬ ವಿಧಿಯೇ ಇದೆ.

ಈಗಿನ ಡಾಕ್ಟರಿಗೂ ಕಲಿಕೆ ಮುಗಿಯುವುದಿಲ್ಲ: ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ನವೀಕರಿಸಲು ಐದು ವರ್ಷಕ್ಕೆ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣ ಬೇಕು. ಬೀರೂರು ಜಂಕ್ಷನ್ ಆದ್ದರಿಂದ ಬೆಂಗಳೂರಿಗೆ ರೈಲಿನ ಬರವಿಲ್ಲ. ಆದರೆ ಇರುವ ಒಬ್ಬ ಡಾಕ್ಟರು ರೈಲು ಹತ್ತಿದರೆ ಓಪಿಡಿ ನೋಡುವವರು ಯಾರು? ಕೋವಿಡ್ ಕಾಲದಲ್ಲಿ ಎಲ್ಲೆಡೆ ಹಬ್ಬಿದ ವೆಬಿನಾರ್ ಆ ಕಷ್ಟ ತಪ್ಪಿಸಿತು, ನಿಜ. ಆದರೆ ಜೇಬಿನ ಫೋನಿನಲ್ಲಿ ಉಪನ್ಯಾಸ, ಎದುರಿಗೆ ರೋಗಿಗಳ ಸಾಲು ಎಂಬಂತಾದರೆ ಲೆಕ್ಕಕ್ಕೆ ಬರುವುದು ಗಂಟೆ ಮಾತ್ರ. ಸಿಮ್ಯುಲೇಷನ್ನಿನಲ್ಲಿ ಈ ಆಟ ನಡೆಯದು. ಉತ್ತರ ಕೊಡದಿದ್ದರೆ ರೋಗಿ ಕೈತಪ್ಪಿ ಹೋಗುತ್ತಾನೆ.

ತೆರೆಗೂ ಒಂದು ಮಿತಿಯಿದೆ. ಅದು ತೀರ್ಮಾನವನ್ನು ಕಲಿಸುತ್ತದೆ, ಕೈ ಪಳಗಿಸುವುದಿಲ್ಲ. ಉಸಿರಾಡದೆ ಹುಟ್ಟಿದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಮಾಸ್ಕ್ ಇಟ್ಟು ಚೀಲ ಒತ್ತಿ ಗಾಳಿ ಕೊಡಬೇಕು. ಇದಕ್ಕೆಂದೇ ಒಂದು ಅಗ್ಗದ ಬೊಂಬೆ ಇದೆ, ನಿಯೋನಾಟಲಿ ಅಂತ. ಎರಡು ಲೀಟರ್ ನೀರು ತುಂಬಿದರೆ ಎಳೆಗೂಸಿನಂತೆ ತೂಗುತ್ತದೆ, ಕೈಯಲ್ಲಿ ಜೋಲುತ್ತದೆ. ರಬ್ಬರ್ ಗುಂಡಿ ಅದುಮಿದರೆ ಹೊಕ್ಕುಳಬಳ್ಳಿಯಲ್ಲಿ ಮಿಡಿತ ಸಿಗುತ್ತದೆ. ಮಾಸ್ಕ್ ಒಂಚೂರು ಸರಿದರೂ ಗಾಳಿ ಬದಿಯಿಂದ ಹೊರಟು ಎದೆ ಏಳುವುದೇ ಇಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಇಂಥ ಬೊಂಬೆಯ ಮೇಲೆ ಕಲಿಸುವ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳವರೂ ಸೇರಿದಂತೆ 599 ಹೆರಿಗೆ ಸಿಬ್ಬಂದಿಗೆ ಕೊಟ್ಟರು. ಸತ್ತು ಹುಟ್ಟುವ ಶಿಶುಗಳ ಪ್ರಮಾಣ ಶೇ. 3ರಿಂದ 2.3ಕ್ಕೆ ಇಳಿಯಿತು. ಸತ್ತವೆಂದು ಕೈಬಿಡುತ್ತಿದ್ದ ಕೆಲವು ಕೂಸುಗಳು ನಿಜಕ್ಕೂ ಉಸಿರಿಗೆ ಕಾದಿದ್ದವು ಎಂದು ಇದರಿಂದ ಊಹಿಸಬಹುದು. ಆದರೆ ಹುಟ್ಟಿದ ಮೇಲೆ ಸಾಯುವ ನವಜಾತರ ಪ್ರಮಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅವಧಿಗೆ ಮುಂಚೆ ಹುಟ್ಟಿದ್ದಕ್ಕೆ, ಸೋಂಕಿಗೆ ಚೀಲ-ಮಾಸ್ಕ್ ಮದ್ದಲ್ಲ.

ಪಳಗಿದ ಕೈಯೂ ಕೆಲವೇ ತಿಂಗಳಲ್ಲಿ ಮೊಂಡಾಗುತ್ತದೆ. ವರ್ಷಕ್ಕೊಂದು ದೊಡ್ಡ ಕಾರ್ಯಾಗಾರಕ್ಕಿಂತ ವಾರಕ್ಕೆ ಐದು ನಿಮಿಷದ ಅಭ್ಯಾಸ ವಾಸಿ. ಹಾಗಾಗಿ ಬೀರೂರು, ತರೀಕೆರೆಗಳಂಥ ಕಡೆ ನನಗೆ ಸರಿ ಕಾಣುವುದು ಎರಡರ ಜೋಡಿ: ತೀರ್ಮಾನಕ್ಕೆ ತೆರೆ, ಕೈಗೆ ಬೊಂಬೆ. ಜೊತೆಗೆ ತಿದ್ದಲು ವಿಡಿಯೋ ಕರೆಯಲ್ಲಿ ಶಿವಮೊಗ್ಗದ್ದೋ ಚಿಕ್ಕಮಗಳೂರಿನದೋ ಮೆಡಿಕಲ್ ಕಾಲೇಜಿನ ಮಕ್ಕಳ ಡಾಕ್ಟರು. ಆದರೆ ಬೊಂಬೆಯನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಿ ಬೀರುವಿನಲ್ಲಿ ಬೀಗ ಹಾಕಿಡಬಾರದು. ಹೆರಿಗೆ ಕೋಣೆಯಲ್ಲೇ, ರಾತ್ರಿ ಪಾಳಿಯ ಸಿಸ್ಟರ್ ಕೈಗೆಟುಕುವಂತೆ ಇಡಬೇಕು.