ಬೈಕಿಗೆ ಕ್ರೂಸ್ ಕಂಟ್ರೋಲ್: ಹಿಡಿದರೆ ಸಾಲದು, ಬಿಡಲೂ ಬೇಕು

ಚಾಮರಾಜನಗರ ಬಿಟ್ಟು ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿ ಕೊಯಮತ್ತೂರು ಮುಟ್ಟುವ ಹೊತ್ತಿಗೆ ಬಲಗೈ ಮಣಿಕಟ್ಟು ನೋಯತೊಡಗಿರುತ್ತದೆ. ಅಲ್ಲಿಂದ ಅವಿನಾಶಿ, ಚೆಂಗಪಳ್ಳಿ ಕಡೆಗೆ ಸೇಲಂ ಹೆದ್ದಾರಿ ಹಿಡಿದರೆ ಒಂದೇ ವೇಗ, ಒಂದೇ ಹಿಡಿತ. ಬೆರಳುಗಳು ಮರಗಟ್ಟುತ್ತವೆ. ಕಾರಿನಲ್ಲಿರುವ ಕ್ರೂಸ್ ಕಂಟ್ರೋಲನ್ನು ಬೈಕಿಗೂ ಹಾಕಿಸಬಹುದೇ ಎಂದು ನಮ್ಮ ಹುಡುಗರು ಕೇಳುವುದು ಇದಕ್ಕೇ.

ಹಾಕಿಸಬಹುದು. ಆದರೆ ಆ ಹೆಸರಿನಲ್ಲಿ ಮಾರುವುದೆಲ್ಲ ಕ್ರೂಸ್ ಕಂಟ್ರೋಲ್ ಅಲ್ಲ.

ಅಗ್ಗಕ್ಕೆ ಸಿಗುವುದು ಥ್ರಾಟಲ್ ಲಾಕ್. ಎಕ್ಸಲರೇಟರ್ ಹಿಡಿಗೆ ಹಾಕುವ ಒಂದು ಕ್ಲಾಂಪು, ಅಷ್ಟೆ. ತಿರುಗಿಸಿದ ಜಾಗದಲ್ಲೇ ಹಿಡಿಯನ್ನು ನಿಲ್ಲಿಸುತ್ತದೆ. ವೇಗ ಎಷ್ಟೆಂಬುದು ಅದಕ್ಕೆ ಗೊತ್ತಿಲ್ಲ. ಏರಿನಲ್ಲಿ ಬೈಕು ಸೋಲುತ್ತದೆ, ಇಳಿಜಾರಿನಲ್ಲಿ ಓಡುತ್ತದೆ. ಬ್ರೇಕ್ ಒತ್ತಿದರೂ ಅದು ಹಿಡಿತ ಬಿಡುವುದಿಲ್ಲ. ಹಾಕಿಸಿದವರು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಸಲೀಸಾಗಿ ಬರುವಷ್ಟೇ ಬಿಗಿ ಮಾಡಿಸಬೇಕು. ಗಾಬರಿಯಲ್ಲಿ ಎರಡೂ ಕೈಯ ಲಿವರ್ ಹಿಡಿಯುವವನಿಗೆ ತಿರುಗಿಸುವ ನೆನಪು ಬರುತ್ತದೆಯೇ ಎಂಬುದು ನನ್ನ ಅನುಮಾನ.

ನಿಜವಾದ ಕ್ರೂಸ್ ಕಂಟ್ರೋಲ್ ವೇಗವನ್ನು ಅಳೆಯುತ್ತದೆ. ಇದನ್ನು ಯೋಚಿಸಿದವನು ರಾಲ್ಫ್ ಟೀಟರ್ ಎಂಬ ಅಮೆರಿಕದ ಅಂಧ ಎಂಜಿನಿಯರ್. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, ಕ್ರೈಸ್ಲರ್ ಕಾರಿಗೆ ಬಂದದ್ದು 1958ರಲ್ಲಿ. ಕಣ್ಣಿಲ್ಲದವನಿಗೆ ಪಕ್ಕದಲ್ಲಿ ಕುಳಿತಾಗ ಡ್ರೈವರನ ಎಳೆದಾಟ ಹೆಚ್ಚು ಗೊತ್ತಾಗಿರಬೇಕು.

ಕೇಬಲ್ ಇರುವ ಹಳೆಯ ಬೈಕಿಗೆ ಎಂಜಿನ್ನಿನ ಗಾಳಿ ಸೆಳೆತದಿಂದಲೋ ಸಣ್ಣ ಮೋಟಾರಿನಿಂದಲೋ ಥ್ರಾಟಲ್ ಎಳೆಯುವ ಕಿಟ್ ಬೇಕು. ಬುಲೆಟ್‌ನಂಥ ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಸೆಳೆತ ಬಿಟ್ಟುಬಿಟ್ಟು ಬರುವುದರಿಂದ, ಅದನ್ನು ಕೂಡಿಡುವ ಡಬ್ಬಿಯನ್ನೂ ಒಂದೇ ದಿಕ್ಕಿಗೆ ಬಿಡುವ ವಾಲ್ವನ್ನೂ ನಡುವೆ ಕೂಡಿಸಬೇಕಾಗುತ್ತದೆ. ಬ್ರಾಕೆಟ್ ಮಾಡಿಕೊಡಲು ಕೊಯಮತ್ತೂರಿನಲ್ಲಿ ಲೇತ್ ಪಟ್ಟರೈಗಳಿಗೆ ಬರವಿಲ್ಲ. ಕಷ್ಟ ಇರುವುದು ವೈರಿಂಗಿನಲ್ಲಿ. ಕೆಲವು ಕಿಟ್‌ಗಳು ಬ್ರೇಕ್ ದೀಪದ ಬಲ್ಬಿನ ಮೂಲಕವೇ ಬ್ರೇಕ್ ಸ್ಥಿತಿಯನ್ನು ತಿಳಿಯುತ್ತವೆ. ಅಲ್ಲಿ ಎಲ್‌ಇಡಿ ಹಾಕಿಸಿದ್ದರೆ ರಿಲೇ ಸೇರಿಸದೆ ಕಿಟ್ ಕೆಲಸ ಮಾಡುವುದಿಲ್ಲ. ಕೇಬಲ್ಲೇ ಇಲ್ಲದ ರೈಡ್ ಬೈ ವೈರ್ ಬೈಕಿಗಾದರೆ ಅದೇ ಮಾದರಿಗೆಂದು ಮಾಡಿದ, ಕನೆಕ್ಟರಿಗೆ ನೇರ ಕೂರುವ ಕಿಟ್ ಮಾತ್ರ ಕೊಳ್ಳಿ. ವೈರ್ ಕತ್ತರಿಸುತ್ತೇನೆಂದರೆ ಬೈಕು ವಾಪಸ್ ತನ್ನಿ. ವಾರಂಟಿ, ವಿಮೆಯವರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದಿರಬೇಕು.

ಮೆಕ್ಯಾನಿಕ್ ಮುಗಿಯಿತು ಎಂದ ಕೂಡಲೇ ಹಣ ಕೊಡಬೇಡಿ. ಎಂಜಿನ್ ಆಫ್ ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎರಡೂ ಕಡೆ ಎಕ್ಸಲರೇಟರ್ ಬಿಟ್ಟರೆ ಟಕ್ಕನೆ ಮುಚ್ಚಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ 50ಕ್ಕೆ ಸೆಟ್ ಮಾಡಿ, ಮುಂದಿನ ಬ್ರೇಕು, ಹಿಂದಿನ ಬ್ರೇಕು, ಕ್ಲಚ್ಚು ಒಂದೊಂದನ್ನೇ ಮುಟ್ಟಿ ನೋಡಿ. ಪ್ರತಿ ಸಲವೂ ಬಿಡಬೇಕು. ಕ್ಲಚ್ ಸ್ವಿಚ್ ಸೇರಿಸದಿದ್ದರೆ ಕ್ಲಚ್ ಒತ್ತಿದಾಗ ಎಂಜಿನ್ ಕಿರುಚಿಕೊಳ್ಳುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಬಿಚ್ಚಿಸಿ.

ಹೊಸ ಬೈಕಿನ ಯೋಚನೆ ಇದ್ದವರು ಕಿಟ್ಟಿಗೆ ದುಡ್ಡು ಸುರಿಯುವ ಮುನ್ನ ಷೋರೂಮ್ ಹೊಕ್ಕು ಬರಲಿ. ಹೊಸೂರಿನ ಟಿವಿಎಸ್ 2023ರಲ್ಲಿ ತಂದ ಅಪಾಚೆ ಆರ್‌ಟಿಆರ್ 310ರಲ್ಲಿ ಕ್ರೂಸ್ ಕಂಟ್ರೋಲ್ ಬಂತು. 2025ರ ಆಗಸ್ಟ್‌ನಲ್ಲಿ ಹೀರೋ 125 ಸಿಸಿಯ ಗ್ಲಾಮರ್ ಎಕ್ಸ್‌ನಲ್ಲೂ ಕೊಟ್ಟಿತು.

ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಬೋರ್ಡಿನಲ್ಲಿ ಕಡಿಮೆ ಇದ್ದರೆ ಅದೇ ಲೆಕ್ಕ. ಮಳೆಯಲ್ಲಿ ಬೇಡ, ಚಕ್ರ ಜಾರುವ ಹೊತ್ತಿಗೆ ಎಕ್ಸಲರೇಟರ್ ನಿಮ್ಮ ಕೈಯಲ್ಲಿರಬೇಕು. ಊರಿಗೆ ಮರಳುವಾಗ ಅನ್ನೂರು ಪೇಟೆಗೆ ಮುಂಚೆಯೇ ಸ್ವಿಚ್ ಆಫ್ ಮಾಡಿ. ಬಣ್ಣಾರಿಯಿಂದ ಮೇಲೆ ಆನೆ ದಾಟುವ ಕಾಡು, ಅಲ್ಲಂತೂ ಅದನ್ನು ಮುಟ್ಟಲೇಬೇಡಿ.