ತಮ್ಮ ಮಾತಿಗೆ ತಮ್ಮದೇ ಅಚ್ಚು

ಪುಸ್ತಕ ಕೊಳ್ಳುವವರೇ ಇಲ್ಲ ಎಂದು ಹೇಳುವವರು ವಿಜಯದಶಮಿಯ ಹೊತ್ತಿಗೆ ನಾಗಪುರದ ದೀಕ್ಷಾಭೂಮಿಗೆ ಹೋಗಿ ನೋಡಬೇಕು. ಸ್ತೂಪದ ಸುತ್ತಲಿನ ರಸ್ತೆಗಳಲ್ಲಿ ತಾಡಪಾಲು ಕಟ್ಟಿದ ಮಳಿಗೆಗಳ ಸಾಲು. ಮೇಜು ಸಿಗದವರು ನೆಲಕ್ಕೇ ಹಾಳೆ ಹಾಸಿ ಪುಸ್ತಕ ಹರಡಿರುತ್ತಾರೆ. ನೀಲಿ ಬಾವುಟ, ಬುದ್ಧನ ಮೂರ್ತಿ, ಕ್ಯಾಲೆಂಡರ್‌ಗಳ ನಡುವೆ ಅಂಬೇಡ್ಕರರ ಭಾಷಣಗಳು, ಫುಲೆಯವರ ಬರಹಗಳು, ಸಂವಿಧಾನದ ಪ್ರತಿಗಳು, ಯಾರೂ ಹೆಸರು ಕೇಳಿರದ ಹಳ್ಳಿಯ ಕವಿಯೊಬ್ಬ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಿಗೆ. ರಾತ್ರಿಯಿಡೀ ರೈಲಿನಲ್ಲಿ ನಿಂತು ಬಂದ ಕೂಲಿಯಾಳು ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡೇ ಊರಿಗೆ ಮರಳುತ್ತಾನೆ. ನಮ್ಮ ಬೀದರ್, ಕಲಬುರಗಿ ಕಡೆಯಿಂದ ಹೋಗುವವರೂ ಹಾಗೆಯೇ. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ಧಮ್ಮ ಸ್ವೀಕರಿಸಿದ ನೆಲ ಅದು. ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬರಬಾರದು, ಪುಸ್ತಕ ತರಬೇಕು ಎಂಬುದು ಈಗ ರೂಢಿಯೇ ಆಗಿಬಿಟ್ಟಿದೆ.

ಇಂಥ ಓದುಗರಿರುವ ಊರಿನಲ್ಲಿ 2016ರಲ್ಲಿ ಒಂದು ಪುಟ್ಟ ಪ್ರಕಾಶನ ಹುಟ್ಟಿತು. ಹೆಸರು ಪ್ಯಾಂಥರ್ಸ್ ಪಾ. ಕಟ್ಟಿದವರು ನಾಗಪುರದವರೇ ಆದ ಕವಿ, ಅನುವಾದಕ ಯೋಗೇಶ್ ಮೈತ್ರೇಯ. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದವರು ಕಟ್ಟಿದ ದಲಿತ್ ಪ್ಯಾಂಥರ್ಸ್ ಈ ಹೆಸರಿನ ಹಿಂದಿದೆ. ಮರಾಠಿ ಓದುಗರಿಗೆ ಚಿರಪರಿಚಿತವಾದ ದಲಿತ ಕಾವ್ಯವನ್ನು ಇಂಗ್ಲಿಷಿಗೆ ತಂದು ಪ್ರಕಟಿಸುವುದು ಇದರ ಮುಖ್ಯ ಕೆಲಸ. ಜೆ.ವಿ. ಪವಾರರ ‘ನಾಕೇಬಂದಿ’ ‘ಬ್ಲಾಕೇಡ್’ ಆಗಿ ಬಂತು, ಲೋಕನಾಥ ಯಶವಂತರ ಕವಿತೆಗಳು ಬಂದವು, ಮೈತ್ರೇಯರ ಸ್ವಂತ ಸಂಕಲನವೂ ಬಂತು. ಅನುವಾದ, ಸಂಪಾದನೆ, ಮಾರಾಟ ಬಹುಮಟ್ಟಿಗೆ ಒಬ್ಬರ ಹೆಗಲ ಮೇಲೆಯೇ.

ಇದರಲ್ಲಿ ಹೊಸದೇನು ಎಂದು ಕೇಳಬಹುದು. ದಲಿತ ಸಾಹಿತ್ಯ ಇಂಗ್ಲಿಷಿಗೆ ಮೊದಲೂ ಹೋಗಿತ್ತು, ದೊಡ್ಡ ಸಂಸ್ಥೆಗಳೂ ಪ್ರಕಟಿಸಿದ್ದವು. ಆದರೆ ಯಾವ ಕವಿಯನ್ನು ಆರಿಸಬೇಕು, ಯಾವ ಸಾಲಿಗೆ ಅಡಿಟಿಪ್ಪಣಿ ಬೇಕು, ಮುನ್ನುಡಿ ಯಾರು ಬರೆಯಬೇಕು, ಮುಖಪುಟದಲ್ಲಿ ಏನಿರಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದವರು ಹೆಚ್ಚಾಗಿ ದಲಿತ ಕೇರಿಗಳನ್ನು ದೂರದಿಂದ ಬಲ್ಲವರು. ಅಂಥವರ ಕೈಯಲ್ಲಿ ನೋವು ಮಾತ್ರ ಉಳಿದು ಸಿಟ್ಟು, ಹಾಡು, ತರ್ಕ ಪಕ್ಕಕ್ಕೆ ಸರಿದುಬಿಡುವುದುಂಟು. ನಾಗಪುರದಲ್ಲೇ ಕುಳಿತು, ಅದೇ ಕೇರಿಯ ಮಾತನ್ನು ಹುಟ್ಟಿನಿಂದ ಕೇಳಿದವರು ಆ ತೀರ್ಮಾನ ತೆಗೆದುಕೊಂಡಾಗ ಪುಸ್ತಕದ ಚಹರೆಯೇ ಬೇರೆಯಾಗುತ್ತದೆ. ಈ ಪ್ರಕಾಶನದ ತೂಕ ಇರುವುದು ಇಲ್ಲಿ ಎಂದೇ ನನ್ನ ನಂಬಿಕೆ.

ತಮ್ಮ ಮಾತನ್ನು ತಾವೇ ಅಚ್ಚು ಹಾಕುವ ಈ ಛಲ ನಾಗಪುರಕ್ಕೆ ನಿನ್ನೆ ಮೊನ್ನೆಯದಲ್ಲ. 1877ರಲ್ಲಿ ಟಾಟಾ ಅವರ ಎಂಪ್ರೆಸ್ ಮಿಲ್ ಶುರುವಾದಾಗಿನಿಂದ ಇದು ಕಾರ್ಮಿಕರ ಊರು. ಇಂಥ ಊರಿನಲ್ಲಿ ಕಿಸನ್ ಫಾಗೂಜಿ ಬನಸೋಡೆ ಎಂಬ ಮಹಾರ್ ಸಮುದಾಯದ ಕವಿ, ಸುಧಾರಕ, ಕಾರ್ಮಿಕ ನಾಯಕ 1910ರ ಸುಮಾರಿಗೇ ಸ್ವಂತ ಮುದ್ರಣಾಲಯ ಇಟ್ಟುಕೊಂಡರು. ‘ನಿರಾಶ್ರಿತ ಹಿಂದ್ ನಾಗರಿಕ’, ‘ವಿಟಾಳ ವಿಧ್ವಂಸಕ’, ‘ಮಜೂರ್ ಪತ್ರಿಕಾ’, ‘ಚೋಖಾಮೇಳಾ’ ಪತ್ರಿಕೆಗಳು ಒಂದಾದ ಮೇಲೊಂದು ಬಂದವು, ನಿಂತವು. ಆ ಮುದ್ರಣಾಲಯ ಅಂಬೇಡ್ಕರರ ‘ಮೂಕನಾಯಕ’ ಪತ್ರಿಕೆಗಿಂತ ಹತ್ತು ವರ್ಷ ಮೊದಲಿನದು. ಅಚ್ಚಿನ ಮೊಳೆ ಮುಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದು ತೋರಿಸಿಕೊಟ್ಟ ಈ ಮನುಷ್ಯನ ಹೆಸರು ನಮ್ಮ ಪತ್ರಿಕೋದ್ಯಮದ ಚರಿತ್ರೆಗಳಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಬರಬೇಕು.

ಅಂಬೇಡ್ಕರರದಂತೂ ಬದುಕಿಡೀ ಇದೇ ಹೋರಾಟ. 1920ರ ಜನವರಿ 31ರಂದು ಮೂಕನಾಯಕ ಹೊರಬಂದಾಗ ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿ ಆಸರೆಯಾಗಿತ್ತು. ಅದರ ಜಾಹೀರಾತನ್ನು ಹಣ ಕೊಡುತ್ತೇವೆಂದರೂ ‘ಕೇಸರಿ’ ಪತ್ರಿಕೆ ಹಾಕಲಿಲ್ಲ. ಆಮೇಲೆ ‘ಬಹಿಷ್ಕೃತ ಭಾರತ’, ‘ಜನತಾ’, ‘ಪ್ರಬುದ್ಧ ಭಾರತ’. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆದು, ಬರೆದ ಭಾಷಣ ನೋಡಿ ಹಿಂದೆ ಸರಿಯಿತು. ಅವರು ಆ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. 1,500 ಪ್ರತಿ, ಎರಡು ತಿಂಗಳೊಳಗೆ ಖಾಲಿ. ಇವತ್ತಿಗೂ ಜಗತ್ತು ಓದುತ್ತಿರುವ ‘ಜಾತಿ ವಿನಾಶ’ ಹೀಗೆ ಲೇಖಕನೇ ಪ್ರಕಾಶಕನಾದ್ದರಿಂದ ಉಳಿದ ಪುಸ್ತಕ.

ಅಷ್ಟು ದೊಡ್ಡ ಹೆಸರಾದ ಮೇಲೂ ಕಷ್ಟ ತಪ್ಪಲಿಲ್ಲ. 1956ರ ಸೆಪ್ಟೆಂಬರ್‌ನಲ್ಲಿ, ನಾಗಪುರದ ದೀಕ್ಷೆಗೆ ಸರಿಯಾಗಿ ಒಂದು ತಿಂಗಳು ಮೊದಲು, ‘ಬುದ್ಧ ಮತ್ತು ಅವನ ಧಮ್ಮ’ದ ಅಚ್ಚಿನ ಖರ್ಚು ಹೊಂದಿಸಲಾಗದೆ ಅವರು ಪ್ರಧಾನಿ ನೆಹರೂಗೆ ಪತ್ರ ಬರೆದರು. ಗ್ರಂಥಾಲಯಗಳಿಗೆ ಹಂಚಲು ಸರ್ಕಾರ ಸುಮಾರು 500 ಪ್ರತಿ ಕೊಳ್ಳಲಿ ಎಂಬುದಷ್ಟೇ ಕೋರಿಕೆ. ಬುದ್ಧ ಜಯಂತಿಯ ಪ್ರಕಟಣೆಗಳಿಗೆ ಮೀಸಲಿಟ್ಟ ಹಣ ಮುಗಿದಿದೆ ಎಂಬ ಉತ್ತರ ಬಂತು. ಡಿಸೆಂಬರ್ 6ರಂದು ಅವರು ತೀರಿಕೊಂಡರು. ಪುಸ್ತಕ ಹೊರಬಂದದ್ದು 1957ರಲ್ಲಿ. ಅವರ ಸಮಗ್ರ ಬರಹಗಳ ಸಂಪುಟಗಳನ್ನು ಮಹಾರಾಷ್ಟ್ರ ಸರ್ಕಾರ 1979ರಿಂದ ಹೊರತಂದಾಗ ಆ ಕೆಲಸ ಹೊತ್ತವರು ನಾಗಪುರದ ಬಸ್ತಿಯಲ್ಲಿ ಬೆಳೆದ ವಸಂತ ಮೂನ್. ಆ ಬಸ್ತಿಯ ಬದುಕನ್ನು ಮೂನ್ ಅವರೇ ‘ವಸ್ತಿ’ ಎಂಬ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಸಣ್ಣ ಪ್ರಕಾಶಕನ ಲೆಕ್ಕಾಚಾರ ನಾಗಪುರದಲ್ಲೂ ಗದಗದಲ್ಲೂ ಹೆಚ್ಚುಕಡಿಮೆ ಒಂದೇ. ಡೆಮಿ ಅಳತೆಯಲ್ಲಿ ನೂರಿಪ್ಪತ್ತು ಪುಟದ ಕವನ ಸಂಕಲನ ಎಂದಿಟ್ಟುಕೊಳ್ಳಿ. ಅಂದರೆ ಹದಿನಾರು ಪುಟದ ಏಳೂವರೆ ಫಾರಂ. ಡಿಟಿಪಿ, ಎರಡು ಮೂರು ಸುತ್ತು ಕರಡು ತಿದ್ದುವುದು, ಮುಖಪುಟದ ಕಲಾವಿದರಿಗೆ ಗೌರವಧನ, ಕಾಗದ, ಬೈಂಡಿಂಗ್. ಐಎಸ್‌ಬಿಎನ್ ಮಾತ್ರ ನಮ್ಮ ದೇಶದಲ್ಲಿ ಪುಕ್ಕಟೆ. ಮೊದಲೆಲ್ಲ ಸಾವಿರ ಪ್ರತಿಗಿಂತ ಕಡಿಮೆ ಹಾಕಿಸಿದರೆ ಗಿಟ್ಟುತ್ತಿರಲಿಲ್ಲ. ಡಿಜಿಟಲ್ ಮುದ್ರಣ ಬಂದ ಮೇಲೆ ನೂರೋ ಇನ್ನೂರೋ ಹಾಕಿಸಿ, ಖರ್ಚಾದ ಹಾಗೆ ಮತ್ತೆ ಹಾಕಿಸಬಹುದು. ಆದರೆ ಪ್ರತಿಯೊಂದರ ತಯಾರಿ ವೆಚ್ಚ ಏರುತ್ತದೆ. ವಿತರಕರಿಗೆ ಮುಖಬೆಲೆಯ ಅರ್ಧದ ಆಸುಪಾಸು ಬಿಟ್ಟುಕೊಟ್ಟರೆ ಉಳಿಯುವುದು ಅಲ್ಪಸ್ವಲ್ಪ, ಅದೂ ಬರುವುದು ತಿಂಗಳುಗಟ್ಟಲೆ ತಡವಾಗಿ. ಅದಕ್ಕೇ ಇಂಥ ಪ್ರಕಾಶನಗಳು ಓದುಗರಿಗೆ ನೇರವಾಗಿ ಅಂಚೆಯಲ್ಲಿ ಕಳಿಸುತ್ತವೆ, ಮುಂಗಡ ಹಣ ಪಡೆದು ಅಚ್ಚಿಗೆ ಕೊಡುತ್ತವೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದಾಗ ಚಂದಾದಾರರನ್ನು ನಂಬಿಕೊಂಡು ಅನುಸರಿಸಿದ್ದೂ ಇದೇ ಉಪಾಯವನ್ನು.

ತಮ್ಮದೇ ಪ್ರಕಾಶನವಿದ್ದರೂ ಮೈತ್ರೇಯರ ಆತ್ಮಕಥನ ‘ವಾಟರ್ ಇನ್ ಎ ಬ್ರೋಕನ್ ಪಾಟ್’ 2023ರಲ್ಲಿ ಪೆಂಗ್ವಿನ್‌ನಿಂದ ಬಂತು. ಇದನ್ನು ಎಡವಟ್ಟೆಂದು ನೋಡಬೇಕಿಲ್ಲ. ದೇಶದ ಎಲ್ಲ ಅಂಗಡಿಗಳಿಗೂ ಪುಸ್ತಕ ತಲುಪಿಸುವ ಜಾಲ ದೊಡ್ಡ ಸಂಸ್ಥೆಯ ಬಳಿ ಇದೆ, ಸಣ್ಣವರ ಬಳಿ ಇಲ್ಲ. ಆದರೆ ಹೆಸರಿಲ್ಲದ ಕವಿಯ ಮೊದಲ ಅನುವಾದವನ್ನು ಆ ದೊಡ್ಡ ಸಂಸ್ಥೆ ಕೈಗೆತ್ತಿಕೊಳ್ಳುವುದು ಅಪರೂಪ.

ಕನ್ನಡಕ್ಕೆ ಬಂದರೆ, ಗದಗದ ಲಡಾಯಿಯಂಥ ಪ್ರಕಾಶನಗಳು ನಮ್ಮಲ್ಲೂ ಛಲ ಹಿಡಿದು ನಿಂತಿವೆ. 2022ರಲ್ಲಿ ದೇವನೂರ ಮಹಾದೇವ ಅವರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಕಿರುಹೊತ್ತಿಗೆಯನ್ನು ಹಲವು ಸಣ್ಣ ಪ್ರಕಾಶಕರು ಏಕಕಾಲಕ್ಕೆ ಅಚ್ಚು ಹಾಕಿ ಲಕ್ಷದ ಲೆಕ್ಕದಲ್ಲಿ ಮಾರಿದ್ದನ್ನು ನಾವೇ ಕಂಡಿದ್ದೇವೆ. ಆದರೆ ನಮ್ಮ ಕೇರಿಯ ಮಾತನ್ನು ನಾವೇ ಆರಿಸಿ, ನಾವೇ ಅನುವಾದಿಸಿ, ನಮ್ಮ ಊರಿನಿಂದಲೇ ಹೊರಜಗತ್ತಿಗೆ ಕಳಿಸಲೆಂದೇ ನಿಂತ ಪ್ರಕಾಶನವೊಂದು ನಮ್ಮಲ್ಲಿ ಬೇರೂರಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇಂಗ್ಲಿಷಿನಲ್ಲಿ ಬರಲು ಹದಿಮೂರು ವರ್ಷ ಹಿಡಿಯಿತು. ದೇವನೂರರ 1984ರ ‘ಕುಸುಮಬಾಲೆ’ ಇಂಗ್ಲಿಷ್ ಓದುಗರ ಕೈ ಸೇರಿದ್ದು 2015ರಲ್ಲಿ. ಆ ಮೂವತ್ತೊಂದು ವರ್ಷದಲ್ಲಿ ಮೈಸೂರಿನಲ್ಲೋ ಕೋಲಾರದಲ್ಲೋ ಕಲಬುರಗಿಯಲ್ಲೋ ಅನುವಾದ ಬಲ್ಲ ಒಬ್ಬ ಯುವಕನೋ ಯುವತಿಯೋ ಒಂದು ಮೇಜು, ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರೆ ಸಾಕಿತ್ತು. ಈಗಲೂ ಅಷ್ಟೇ ಸಾಕು. ಎಪ್ಪತ್ತರ ದಶಕದಿಂದ ಈಚೆಗೆ ಅಚ್ಚಾಗಿ, ಮರುಮುದ್ರಣವೂ ಕಾಣದೆ ಹೋದ ದಲಿತ ಕವನ ಸಂಕಲನಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಕೆಲಸ ಅಲ್ಲಿಂದಲೇ ಶುರುಮಾಡಬಹುದು.